ಮಂಚಿಯ ಕಾರಂತರಿಗೊಂದು ಅಂಚೆಚೀಟಿ ಬೇಡವೇ?

ನಮ್ಮ ಕ್ಲಾಸಿನಲ್ಲಿ ಅಂಚೆಚೀಟಿ ಅಂಟಿಸಿ ಪತ್ರ ಹಾಕಿದವರು ಎಷ್ಟು ಮಂದಿ ಅಂತ ಕೇಳಿ ನೋಡಿ, ಎಣಿಸಲು ಒಂದು ಕೈಯ ಬೆರಳು ಸಾಕು. ಆದರೂ ಅಂಚೆಚೀಟಿ ಬಗ್ಗೆಯೇ ಬರೆಯಲು ಕಾರಣ ಉಂಟು.

ಭಾರತೀಯ ಸಿನಿಮಾಕ್ಕೆ ನೂರು ತುಂಬಿದ 2013ರ ಮೇ 3ರಂದು ಅಂಚೆ ಇಲಾಖೆ ಒಟ್ಟಿಗೆ 50 ಚೀಟಿಗಳನ್ನು ತಂದಿತು. ಅದರಲ್ಲಿ ವಿಷ್ಣುವರ್ಧನ್ ಇದ್ದರು. ರಾಜ್‌ಕುಮಾರ್ ಅವರದ್ದು 2009ರಲ್ಲೇ ಬಂದಿತ್ತು. ಸಂತೋಷ. ಆದರೆ ಆ ಐವತ್ತರಲ್ಲಿ ಬಂಟ್ವಾಳ ತಾಲೂಕಿನ ಮಂಚಿಯ ಬಿ.ವಿ. ಕಾರಂತರು ಇರಲಿಲ್ಲ.

"ಅವರು ನಾಟಕದವರಲ್ವಾ ಮಾರಾಯ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ಹೌದು, ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದ ಹುಡುಗ, ಮುಂದೆ ಮೈಸೂರಿನ ರಂಗಾಯಣ ಕಟ್ಟಿದವರು. ಆದರೆ 'ವಂಶವೃಕ್ಷ'ಕ್ಕೆ ಗಿರೀಶ ಕಾರ್ನಾಡರ ಜೊತೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದವರೂ ಇವರೇ. 1975ರ 'ಚೋಮನ ದುಡಿ'ಗೆ ಸ್ವರ್ಣಕಮಲವೇ ಬಂತು. ಉಳಲು ತುಂಡು ಭೂಮಿ ಸಿಗದೆ ದುಡಿ ಬಾರಿಸುತ್ತಲೇ ಮುಗಿದುಹೋದ ಚೋಮ ನಮಗೆ ದೂರದವನಲ್ಲ. ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಅಜ್ಜಂದಿರು ಗೇಣಿ, ಒಕ್ಕಲು, ಡಿಕ್ಲರೇಷನ್ ಅಂತ ಮಾತಾಡುವುದನ್ನು ಕೇಳಿಯೇ ಬೆಳೆದವರು ನಾವು. ಆ ಸಿನಿಮಾ ನೋಡದವರು ಈ ವಾರಾಂತ್ಯ ನೋಡಿ. ಕಪ್ಪು ಬಿಳುಪು ಅಂತ ಸ್ಕಿಪ್ ಮಾಡಬೇಡಿ.

ಕಾರಂತರು ಹುಟ್ಟಿದ್ದು 1929ರ ಸೆಪ್ಟೆಂಬರ್ 19ರಂದು. ಅಂದರೆ 2029ಕ್ಕೆ ನೂರು. ಸ್ಮಾರಕ ಅಂಚೆಚೀಟಿಗೆ ಪ್ರಸ್ತಾವನೆ ಕಳಿಸಲು ಮಂತ್ರಿಯೇ ಆಗಬೇಕಿಲ್ಲ, ಸಾಮಾನ್ಯರೂ ಕಳಿಸಬಹುದು. ಸಲಹಾ ಸಮಿತಿ ಅದನ್ನು ನೋಡುತ್ತದೆ. ಆದರೆ ಸುಮಾರು ಎರಡು ವರ್ಷ ಮೊದಲೇ ಕಳಿಸಬೇಕು. ಸಬ್‌ಮಿಷನ್ ಹಿಂದಿನ ರಾತ್ರಿ ರೆಕಾರ್ಡ್ ಬರೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯದು.

ಈಗ ಲಕೋಟೆಗೆ ಬಾರ್‌ಕೋಡ್ ಅಂಟಿಸುವ ಕಾಲ, ಚೀಟಿಯಿಂದ ಏನು ಪ್ರಯೋಜನ ಅಂತ ಕೇಳಬಹುದು. ಕಾರಂತರಿಗೆ ಏನೂ ಇಲ್ಲ. ಮಂಚಿ ಎಲ್ಲಿದೆ ಅಂತ ಗೊತ್ತಿದ್ದೂ ಅಲ್ಲಿಂದ ಯಾರು ಹೊರಟರು ಅಂತ ಗೊತ್ತಿಲ್ಲದ ನಮಗೆ ಉಂಟು.

ಚಿತ್ರದ ಬಗ್ಗೆಯೂ ನಮ್ಮದೊಂದು ಹಠ: ಬರೀ ಮುಖ ಬೇಡ, ಪಕ್ಕದಲ್ಲಿ ದುಡಿ ಇರಲಿ. ಪ್ರಸ್ತಾವನೆಯ ಕರಡು ಕನ್ನಡ ಸಂಘದ ಕೋಣೆಯಲ್ಲಿದೆ. ಸಹಿ ಹಾಕುವವರು ಬನ್ನಿ, ತಪ್ಪು ತಿದ್ದುವವರು ಮೊದಲು ಬನ್ನಿ.