ಬಂಗಾರವಿಲ್ಲದ ಬಂಗಾರಪೇಟೆ

ಕೋಲಾರ ಜಿಲ್ಲೆಯ ಬಂಗಾರಪೇಟೆಗೆ ಆ ಹೆಸರು ಹೇಗೆ ಬಂದಿತೆಂದು ಕೇಳಿದರೆ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ನಕ್ಕುಬಿಡುತ್ತಾರೆ. ಮಗ್ಗುಲಲ್ಲಿಯೇ ಚಿನ್ನದ ಗಣಿ ಇದ್ದ ಮೇಲೆ ಊರು ಬಂಗಾರಪೇಟೆಯಾಗದೆ ತಾಮ್ರಪೇಟೆಯಾದೀತೆ ಎಂಬುದು ಅವರ ಉತ್ತರ. ಉತ್ತರವೇನೋ ಸೊಗಸಾಗಿದೆ, ಸರಿಯಾಗಿಲ್ಲ ಅಷ್ಟೆ. ಆ ಹೆಸರು ಹುಟ್ಟಿದಾಗ ಅದರಲ್ಲಿ ಗುಲಗಂಜಿ ತೂಕದ ಬಂಗಾರವೂ ಇರಲಿಲ್ಲ. ಇದ್ದುದು ಒಬ್ಬ ಆಂಗ್ಲ ಅಧಿಕಾರಿಯ ಹೆಸರು.

ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಕಾಲದಲ್ಲಿ, 1862 ರಿಂದ 1870 ರವರೆಗೆ ಆ ಪದವಿಯಲ್ಲಿದ್ದವನು ಲೂಯಿನ್ ಬೆಂಥಂ ಬೌರಿಂಗ್. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯ ಹೆಸರಿನಲ್ಲಿರುವವನೂ ಇವನೇ. 1864 ರಲ್ಲಿ ಬೆಂಗಳೂರಿಗೂ ಜೋಲಾರಪೇಟೆಗೂ ನಡುವೆ ರೈಲು ಓಡತೊಡಗಿತು. ಆ ಹಾದಿಯ ಬದಿಯಲ್ಲಿ ಬೆಳೆದ ಪೇಟೆಗೆ ಬೌರಿಂಗನ ಹೆಸರನ್ನಿಟ್ಟು ‘ಬೌರಿಂಗ್‌ಪೇಟೆ’ ಎಂದರು. ಐರ್ಲೆಂಡಿನ ನಿವೃತ್ತ ಸೈನಿಕ ಲಾವೆಲ್ ಎಂಬಾತನು ಚಿನ್ನ ತೆಗೆಯುವ ಹಕ್ಕನ್ನು ಬೇಡಿ ಸರ್ಕಾರದ ಬಾಗಿಲು ತಟ್ಟಿದ್ದು ಬೌರಿಂಗ್ ಊರಿಗೆ ಹೊರಟುಹೋದ ಮೇಲೆ, 1870 ರ ದಶಕದಲ್ಲಿ. ಆ ಸೀಮೆಯ ಮಣ್ಣಿನಲ್ಲಿ ಚಿನ್ನದ ಕಣಗಳಿವೆಯೆಂಬ ಮಾತು ಹಳ್ಳಿಗರಿಗೆ ಹಿಂದಿನಿಂದಲೂ ತಿಳಿದಿದ್ದಿತು, ನಿಜ. ಆದರೆ ಪೇಟೆಗೆ ಹೆಸರಿಟ್ಟವರ ಮನಸ್ಸಿನಲ್ಲಿದ್ದುದು ಚಿನ್ನವಲ್ಲ, ದೊರೆ.

ಮುಂದಿನದು ಜನರ ನಾಲಗೆಯ ಕೆಲಸ. ‘ಬೌರಿಂಗ್’ ಎಂಬ ಶಬ್ದಕ್ಕೆ ಕನ್ನಡದ ಬಾಯಲ್ಲಿ ಹಿಂದುಮುಂದಿಲ್ಲ. ಅದರ ಹತ್ತಿರದಲ್ಲಿಯೇ, ಎರಡು ಅಕ್ಷರ ಸರಿಸಿದರೆ ಸಿಕ್ಕುವಂತೆ, ‘ಬಂಗಾರ’ ಎಂಬ ಮುದ್ದಾದ ಮಾತು ಕುಳಿತಿತ್ತು. ಅಷ್ಟರಲ್ಲಿ ಗಣಿಗಳೂ ತೆರೆದುಕೊಂಡವು. ಇನ್ನೇನು ಬೇಕು? ದೊರೆಯ ಹೆಸರು ಕರಗಿ ಬಂಗಾರವಾಯಿತು. ಕಾಗದಪತ್ರಗಳಲ್ಲಿ ಬಹುಕಾಲ ಉಳಿದಿದ್ದ ಬೌರಿಂಗನು ಕಡೆಗೆ ಅಲ್ಲಿಂದಲೂ ಜಾಗ ಬಿಟ್ಟನು. ಪೂರ್ತಿ ಬಿಟ್ಟನೆನ್ನುವಂತೆಯೂ ಇಲ್ಲ. ರೈಲ್ವೆಯವರು ಪ್ರತಿ ನಿಲ್ದಾಣಕ್ಕೂ ಒಂದು ಅಕ್ಷರಸಂಕೇತವನ್ನು ಕೊಟ್ಟಿರುತ್ತಾರಷ್ಟೆ. ಬಂಗಾರಪೇಟೆಯ ಸಂಕೇತ ಬಿ, ಡಬ್ಲ್ಯು, ಟಿ. ‘ಬಂಗಾರ’ದ ಇಂಗ್ಲಿಷ್ ಕಾಗುಣಿತವನ್ನು ಎಷ್ಟು ಜಾಲಾಡಿದರೂ ಡಬ್ಲ್ಯು ಸಿಕ್ಕುವುದಿಲ್ಲ. ಅದು ಬೌರಿಂಗನ ಡಬ್ಲ್ಯು.

ಈ ಬೌರಿಂಗರ ಮನೆತನಕ್ಕೆ ಊರಿನ ಹೆಸರಾಗುವ ಯೋಗವೂ ಇತ್ತು, ಆ ಹೆಸರು ಜನರ ಬಾಯಲ್ಲಿ ನಿಲ್ಲದಿರುವ ಯೋಗವೂ ಇತ್ತು. ಲೂಯಿನನ ತಂದೆ ಸರ್ ಜಾನ್ ಬೌರಿಂಗ್ ಹಾಂಗ್‌ಕಾಂಗಿನ ಗವರ್ನರಾಗಿದ್ದವನು. ಅಲ್ಲಿ ಅವನ ಹೆಸರಿನಲ್ಲಿ ‘ಬೌರಿಂಗ್‌ಟನ್’ ಎಂಬ ಬಡಾವಣೆಯುಂಟು. ಅಲ್ಲಿಯ ಚೀನೀಯರು ಅದನ್ನು ಕರೆಯುವುದು ‘ಹೆಬ್ಬಾತಿನ ಕತ್ತು’ ಎಂದು. ಅಲ್ಲಿದ್ದ ಕಾಲುವೆಯ ಬಾಗು ಅವರ ಕಣ್ಣಿಗೆ ಹಾಗೆ ಕಂಡಿತು. ತಂದೆಯ ಹೆಸರು ಬಾತುಕೋಳಿಯ ಪಾಲಾಯಿತು, ಮಗನದು ಬಂಗಾರದ ಪಾಲಾಯಿತು. ಮಗನೇ ಭಾಗ್ಯವಂತನೆನ್ನಬೇಕು.

ಇನ್ನೊಂದು ಸ್ವಾರಸ್ಯ. ಬಂಗಾರಪೇಟೆ ತಾಲೂಕಿನಲ್ಲಿಯೇ ಬೂದಿಕೋಟೆ ಎಂಬ ಗ್ರಾಮವಿದೆ. ಹಿಂದೆ ಇಲ್ಲಿ ಮಹಾಯಜ್ಞಗಳು ನಡೆದುವೆಂದೂ ಆ ಬೂದಿಯಿಂದಲೇ ಈ ಹೆಸರೆಂದೂ ಐತಿಹ್ಯ. ಸಂಸ್ಕೃತದಲ್ಲಿ ಹೇಳುವವರು ಇದನ್ನೇ ‘ವಿಭೂತಿಪುರ’ ಎನ್ನುತ್ತಿದ್ದರು. ಹೈದರಾಲಿ ಹುಟ್ಟಿದ್ದು ಇಲ್ಲಿ. ನಿವೃತ್ತನಾಗಿ ಇಂಗ್ಲೆಂಡಿನಲ್ಲಿದ್ದ ಬೌರಿಂಗನು 1893 ರಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಚರಿತ್ರೆಯನ್ನು ಬರೆದು ಪ್ರಕಟಿಸಿದನು. ಒಂದೇ ತಾಲೂಕಿನಲ್ಲಿ ಬೂದಿಯ ಹೆಸರಿನ ಊರಿನಿಂದ ಎದ್ದವನ ಕಥೆಯನ್ನು, ತನ್ನ ಹೆಸರು ಬಂಗಾರವಾಗಿಹೋದ ಊರಿನವನು ಬರೆದಂತಾಯಿತು.

ಬಂಗಾರಪೇಟೆಯಿಂದ ಗಣಿಗಳ ಕಡೆಗೆ ಒಂದು ಕವಲುಹಾದಿ ಹೊರಡುತ್ತದೆ. 1894 ರಲ್ಲಿ ತೆರೆದ ಈ ಹಾದಿ ಹತ್ತೇ ಮೈಲಿಗಳದು. ಆದರೆ ನಿಲ್ದಾಣಗಳ ಹಲಗೆಗಳನ್ನು ಓದುತ್ತ ಹೋದವನಿಗೆ ಅರ್ಧ ಪ್ರಪಂಚ ಸುತ್ತಿದ ಅನುಭವವಾದೀತು.

ಮೊದಲು ಎದುರಾಗುವುದು ಕೋರಮಂಡಲ. ಕೋರಮಂಡಲವೆಂದರೆ ಪೂರ್ವ ಕರಾವಳಿ. ಚೋಳಮಂಡಲವೆಂಬ ಮಾತು ಪರದೇಶದ ವರ್ತಕರ ಬಾಯಿಯಲ್ಲಿ ಸಿಕ್ಕಿ ಹೀಗಾಯಿತು. ಕಡಲಿನ ಗಾಳಿಯೂ ಸುಳಿಯದ ಕೋಲಾರದ ಬಯಲಿಗೆ ಈ ಹೆಸರನ್ನು ತಂದುದು ಅದೇ ಹೆಸರಿನ ಗಣಿ ಕಂಪನಿ. ಇದೇ ಹೆಸರು ಇನ್ನೂ ದೂರ ಹೋಗಿ ಇನ್ನೊಂದು ಚಿನ್ನದ ಸೀಮೆಯನ್ನು ಮುಟ್ಟಿದ ಬಗೆ ಕುತೂಹಲಕರವಾದುದು. 1798 ರಲ್ಲಿ ಕಲ್ಕತ್ತೆಯಲ್ಲಿ ಒಂದು ಹಡಗನ್ನು ಕಟ್ಟಿದರು. ಅದರ ಹೆಸರು ‘ಕುವೇರ’, ಅಂದರೆ ಸಾಕ್ಷಾತ್ ಕುಬೇರ. 1804 ರಲ್ಲಿ ಬ್ರಿಟಿಷ್ ನೌಕಾಪಡೆ ಅದನ್ನು ಕೊಂಡು ‘ಮಲಬಾರ್’ ಎಂದು ಕರೆಯಿತು. 1815 ರಲ್ಲಿ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ವರ್ಗ ಮಾಡಿದಂತೆ ‘ಕೋರಮಂಡಲ್’ ಎಂದು ಮತ್ತೆ ಹೆಸರು ಬದಲಿಸಿತು. ಈ ಹಡಗು 1820 ರಲ್ಲಿ ಪಟಸ್ತಂಭಗಳಿಗೆ ಮರ ಹುಡುಕುತ್ತ ನ್ಯೂಜಿಲೆಂಡಿನ ಒಂದು ಕೊಲ್ಲಿಗೆ ಹೋಯಿತು. ಅಲ್ಲಿಯ ಸೀಮೆಗೆ ‘ಕೋರಮಂಡಲ್’ ಎಂದೇ ಹೆಸರಾಯಿತು. 1852 ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು! ಕುಬೇರನು ಎಷ್ಟು ಹೆಸರು ಬದಲಿಸಿದರೇನು, ಹೋದಲ್ಲಿ ತನ್ನ ಗುಣವನ್ನು ತೋರದೆ ಬಿಡಲಿಲ್ಲ.

ಮುಂದಿನ ನಿಲ್ದಾಣದ ಹೆಸರು ಕಾರ್ಖಾನೆಯದು. ಭಾರತ್ ಅರ್ತ್ ಮೂವರ್ಸ್ ಎಂಬ, ಮಣ್ಣೆತ್ತುವ ಯಂತ್ರಗಳ ಸಂಸ್ಥೆ 1964 ರಲ್ಲಿ ಸ್ಥಾಪಿತವಾಯಿತು. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಒಟ್ಟುಗೂಡಿಸಿ ಜನ ‘ಬೆಮೆಲ್’ ಎಂದರು, ಬೆಮೆಲ್ ನಗರವಾಯಿತು. ಮುಂದೆಂದೋ ಒಬ್ಬ ಪಂಡಿತನು ಬೆಮೆಲನೆಂಬ ಪಾಳೆಯಗಾರನನ್ನು ಹುಡುಕಲು ಹೊರಟರೆ ಆಶ್ಚರ್ಯಪಡಬೇಕಾಗಿಲ್ಲ.

ಆಮೇಲೆ ಉರಿಗಾಂ. ಇಂಗ್ಲಿಷರ ಕಿವಿಗೂ ಲೇಖನಿಗೂ ನಡುವೆ ಈ ಊರು ಪಟ್ಟ ಪಾಡು ಹೇಳತೀರದು. ರೈಲ್ವೆಯವರು ‘ಊರ್ಗಾಂ’ ಎಂದು ಬರೆದರು, ಕಂಪನಿಯವರು ‘ಊರೆಗಂ’ ಎಂದು ಬರೆದರು. ರೈಲ್ವೆಯ ಹಲಗೆಯನ್ನು ಓದಿದ ಮರಾಠಿಗನು, ಕನ್ನಡದ ಊರು ಒಂದು, ತನ್ನ ಗಾಂವ್ ಒಂದು, ಎರಡೂರು ಸೇರಿ ಒಂದೂರಾಗಿದೆಯೆಂದು ತಮಾಷೆ ಮಾಡಬಹುದು. ಆದರೆ ಈ ತಪ್ಪು ಕಾಗುಣಿತವೇ ಪ್ರಪಂಚದ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿ ಶಾಶ್ವತವಾಗಿ ನಿಂತಿದೆ. ಕಾರಣ ಹೀಗೆ: ಊರೆಗಂ ಚಿನ್ನದ ಗಣಿ ಕಂಪನಿ ಆರಂಭದಲ್ಲಿ ದಿವಾಳಿಯ ಅಂಚಿಗೆ ಬಂದು, ಒಂದು ಪೌಂಡಿನ ಹೊಸ ಷೇರುಗಳನ್ನು ಹದಿನೈದು ಷಿಲಿಂಗ್ ಆಗಲೇ ಸಂದಿದೆಯೆಂದು ಬರೆದುಕೊಂಡು ಐದೇ ಷಿಲಿಂಗಿಗೆ ಮಾರಿತು. ಅಷ್ಟರಲ್ಲಿ ಚಿನ್ನ ಸಿಕ್ಕಿತು. ಹಳೆಯ ಷೇರುದಾರ ರೋಪರ್ ಎಂಬುವನು ಇದು ಅನ್ಯಾಯವೆಂದು ನ್ಯಾಯಾಲಯಕ್ಕೆ ಹೋದನು. 1892 ರಲ್ಲಿ ಇಂಗ್ಲೆಂಡಿನ ಲಾರ್ಡ್ಸ್ ಸಭೆಯು, ಮುಖಬೆಲೆಗಿಂತ ಕಡಿಮೆಗೆ ಷೇರು ಹಂಚುವ ಅಧಿಕಾರ ಯಾವ ಕಂಪನಿಗೂ ಇಲ್ಲವೆಂದು ತೀರ್ಪಿತ್ತಿತು. ಲಂಡನ್ನಿನಲ್ಲಿಯೂ ಸಿಂಗಪುರದಲ್ಲಿಯೂ ಕಾನೂನು ಓದುವ ಹುಡುಗರು ಇಂದಿಗೂ ‘ಊರೆಗಂ ಮೊಕದ್ದಮೆ’ಯನ್ನು ಬಾಯಿಪಾಠ ಮಾಡುತ್ತಾರೆ, ಅದು ಕೋಲಾರ ಸೀಮೆಯ ಒಂದು ಹಳ್ಳಿಯೆಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ. ಭಾರತದ 2013 ರ ಕಂಪನಿ ಕಾಯಿದೆಯಲ್ಲಿಯೂ ಆ ನಿಯಮವುಂಟು.

ಉರಿಗಾಂ ದಾಟಿದರೆ ಚಾಂಪಿಯನ್. ಇದು ಯಾವ ಕುಸ್ತಿಪಟುವಿನ ಹೆಸರೂ ಅಲ್ಲ. 1880 ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳು ಎಂಬ ಲಂಡನ್ನಿನ ಸಂಸ್ಥೆ ಇಲ್ಲಿಗೆ ಕಾಲಿಟ್ಟಿತು. ಅದರೊಡನೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದರು. ಒಂದು ಗಣಿಯ ಅದಿರಿನ ಎಳೆಗಳಲ್ಲಿ ಎಲ್ಲಕ್ಕೂ ದೊಡ್ಡದಾದುದನ್ನು ‘ಚಾಂಪಿಯನ್’ ಎನ್ನುವುದು ಅವರ ಕಸುಬಿನ ಮಾತು. ‘ರೀಫ್’ ಎಂಬುದು ಮೂಲತಃ ನಾವಿಕರ ಮಾತು, ಕಡಲಿನಲ್ಲಿ ತಲೆಯೆತ್ತಿದ ಬಂಡೆಯ ಸಾಲು. ಆಸ್ಟ್ರೇಲಿಯದ ಚಿನ್ನದ ಸೀಮೆಯಲ್ಲಿ ನೆಲದಿಂದ ತಲೆಯೆತ್ತಿದ ಬೆಣಚುಕಲ್ಲಿನ ಸಾಲಿಗೂ ಅದೇ ಹೆಸರಾಯಿತು. ಎರಡೂ ಸೇರಿ ಚಾಂಪಿಯನ್ ರೀಫ್. ಹೆಸರಿಗೆ ತಕ್ಕಂತೆ ಆ ಗಣಿ ಮೂರು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದು, ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. ಅದರ ಹೀತ್‌ಕೋಟ್ ಶಾಫ್ಟಿನ ಬಳಿ, ಎರಡು ಸಾವಿರ ಮೀಟರಿಗೂ ಮಿಕ್ಕ ಆಳದಲ್ಲಿ, ಭಾರತೀಯ, ಜಪಾನೀ ಮತ್ತು ಬ್ರಿಟಿಷ್ ವಿಜ್ಞಾನಿಗಳು 1965 ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ‘ನ್ಯೂಟ್ರಿನೊ’ ಎಂಬ ಕಣದ ಜಾಡನ್ನು ಹಿಡಿದರು. ಆ ಶಬ್ದಕ್ಕೆ ಇಟಲಿಯ ಭಾಷೆಯಲ್ಲಿ ‘ಪುಟ್ಟ ನಿರ್ಲಿಪ್ತ’ ಎಂದು ಅರ್ಥ ಹೇಳಬಹುದು. ಚಿನ್ನಕ್ಕಾಗಿ ತೋಡಿದ ಬಾವಿಯಲ್ಲಿ ಯಾವುದರ ಗೊಡವೆಯೂ ಇಲ್ಲದ ಕಣವೊಂದು ಸಿಕ್ಕಿತು.

ಗಣಿಗಾರರ ಮಾತುಗಳಲ್ಲಿ ಎಲ್ಲವೂ ವಿನೋದದವಲ್ಲ. ಆಳದಲ್ಲಿ ಬಂಡೆಯ ಒತ್ತಡ ಮಿತಿಮೀರಿದಾಗ ಕಲ್ಲು ಒಮ್ಮೆಗೇ ಸಿಡಿದು ಸುರಂಗ ಕುಸಿಯುತ್ತಿತ್ತು. ಕೆಲಸದವರಿಗೆ ಮೊದಲು ತಾಗುತ್ತಿದ್ದುದು ಗಾಳಿಯ ಹೊಡೆತ. ಆದುದರಿಂದ ಕೋಲಾರದ ಗಣಿಗಳಲ್ಲಿ ಅದನ್ನು ‘ಏರ್ ಬ್ಲಾಸ್ಟ್’ ಎಂದರು. ಸಿಡಿಯುವುದು ಬಂಡೆಯೇ ಹೊರತು ಗಾಳಿಯಲ್ಲವೆಂದು ತಜ್ಞರು ‘ರಾಕ್ ಬರ್ಸ್ಟ್’ ಎಂಬ ಹೆಸರನ್ನು ನಿಲ್ಲಿಸಿದರು. ಶಾಸ್ತ್ರದ ದೃಷ್ಟಿಯಿಂದ ತಜ್ಞರ ಮಾತೇ ಸರಿ. ಆದರೆ ಹಳೆಯ ಮಾತು ಕೆಳಗೆ ಕತ್ತಲಲ್ಲಿ ನಿಂತು ಆ ಹೊಡೆತವನ್ನು ಮೈಯಲ್ಲಿ ತಾಳಿದವರದು.

ಅಂಥವರ ಹೆಸರುಗಳು ಎಲ್ಲಿವೆ? ಗಣಿಯ ಬಾವಿಗಳಿಗೆಲ್ಲ ಗಿಫರ್ಡ್, ಎಡ್ಗರ್, ಬುಲನ್, ಹೆನ್ರಿ ಎಂಬ ಹೆಸರುಗಳು. 1896 ರಿಂದ 1903 ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಸರ್ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನಲ್ಲಿ ರಾಬರ್ಟ್‌ಸನ್‌ಪೇಟೆ. ಪಕ್ಕದಲ್ಲಿ ಹೊಂದಿಕೊಳ್ಳುವ ಕನ್ನಡದ ಮಾತೊಂದು ಸಿಕ್ಕದಿದ್ದುದರಿಂದಲೋ ಏನೋ, ಬೌರಿಂಗನಂತೆ ಇವನು ಕರಗಲಿಲ್ಲ. ಲಾವೆಲನಿಗೆ ಬೆಂಗಳೂರಿನಲ್ಲಿ ಒಂದು ರಸ್ತೆ. ಒಂದು ಗಣಿಗೆ, ಹತ್ತಾರು ಮೈಲಿ ದೂರದ ನಂದಿದುರ್ಗದ ಹೆಸರನ್ನು ‘ನಂಡಿಡ್ರೂಗ್’ ಎಂದು ಉಚ್ಚರಿಸಿ ಇಟ್ಟರು. ಇನ್ನೊಂದಕ್ಕೆ ಘಟ್ಟದ ಮೇಲಣ ಸೀಮೆಯೆಂಬ ಅರ್ಥದ ‘ಬಾಲಾಘಾಟ್’. ಬೆಟ್ಟಕ್ಕೂ ಘಟ್ಟಕ್ಕೂ ಸಂದ ಗೌರವ ಉತ್ತರ ಆರ್ಕಾಟಿನಿಂದಲೂ ಸುತ್ತಣ ಹಳ್ಳಿಗಳಿಂದಲೂ ಬಂದು ಕೆಳಗಿಳಿದ ಸಾವಿರಾರು ಕೂಲಿಗಾರರಲ್ಲಿ ಒಬ್ಬನಿಗೂ ಸಲ್ಲಲಿಲ್ಲ. ಹೆಸರಿಗೆ ಬದಲಾಗಿ ಕಂಪನಿಗಳು ಅವರಿಂದ ಬಯಸಿದ್ದು ಬೆರಳಚ್ಚನ್ನು. ಆ ಬೆರಳಚ್ಚಿನ ನೋಂದಣಿಯನ್ನು ಪ್ರತಿಭಟಿಸಿ 1930 ರಲ್ಲಿ ಅವರು ಹೂಡಿದ ಮುಷ್ಕರ ಮೈಸೂರಿನ ಕಾರ್ಮಿಕ ಚರಿತ್ರೆಯಲ್ಲಿ ದೊಡ್ಡದು.

ಹಾದಿಯ ಕೊನೆಯ ನಿಲ್ದಾಣ ಮಾರಿಕುಪ್ಪಂ. ಕುಪ್ಪಂ ಎಂದರೆ ತಮಿಳಿನಲ್ಲಿ ಸಣ್ಣ ಹಳ್ಳಿ, ಬೆಸ್ತರ ಕೇರಿ ಎಂದೂ ಅರ್ಥವುಂಟು. ಮಾರಿ ಎಲ್ಲರಿಗೂ ಬೇಕಾದ ಅಮ್ಮ. ಕಂಪನಿಗಳು ಬರುವುದಕ್ಕೆ ಮುಂಚೆಯೇ ಇದ್ದ ಹಳ್ಳಿ ಇದು. 2001 ರ ಫೆಬ್ರವರಿ 28 ರಂದು ಗಣಿಗಳು ಮುಚ್ಚಿದುವು. ಅಂದಿನಿಂದ ಇಲ್ಲಿಯ ಮನೆಗಳ ಸಾವಿರಾರು ಮಂದಿ ಬೆಳಗಿನ ಜಾವ ಎದ್ದು ಕೆಲಸಕ್ಕಾಗಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಾರೆ. ಅಲ್ಲಿಯ ಬೀದಿಗಳಲ್ಲಿ ಸಂಜೆಯ ಹೊತ್ತು, ಬಣ್ಣವಿಲ್ಲದ ತಿಳಿನೀರಿನ ಪಾನಿಪುರಿಯನ್ನು ಮಾರುವ ಅಂಗಡಿಗಳ ಹಲಗೆಯ ಮೇಲೆ ಅವರಿಗೆ ಪರಿಚಿತವಾದ ಒಂದು ಹೆಸರು ಕಾಣುತ್ತದೆ: ‘ಬಂಗಾರಪೇಟೆ ಚಾಟ್ಸ್’.