ಮನೆ ಕೊಳ್ಳುವಾಗ, ಮಾರುವಾಗ ಕಾಗದದ ಮೇಲೆ ನಿಮ್ಮ ಕಣ್ಣೂ ಇರಲಿ

ಗೆಳತಿಯರೇ, ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅನ್ನೋ ಮಾತು ನಮಗೆಲ್ಲ ಗೊತ್ತು. ಈಗ ಅದರ ಜೊತೆಗೆ ‘ಪ್ಲಾಟ್ ಕೊಂಡು ನೋಡು’ ಅಂತಲೂ ಸೇರಿಸಬೇಕೇನೋ! ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿಗೆ ಹೋದರೂ ಪ್ಲಾಟಿನ ಮಾತೇ ಮಾತು. ಕೊಡ್ಲಿಯಂಥ ಊರಲ್ಲೂ ರಸ್ತೆ ಬದಿಯ ಹೊಲಕ್ಕೆ ಬೆಲೆ ಕೇಳಿದರೆ ಎಕರೆ ಲೆಕ್ಕ ಬಿಟ್ಟು ಗುಂಟೆ ಲೆಕ್ಕ ಹೇಳ್ತಾರೆ.

ಆದರೆ ಒಂದು ವಿಷಯ ಗಮನಿಸಿದ್ದೀರಾ? ಈ ವ್ಯವಹಾರದ ಮಾತು ನಡೆಯೋದು ಪಡಸಾಲೆಯಲ್ಲಿ, ಗಂಡಸರ ನಡುವೆ. ನಾವು ಚಹಾ ಕೊಟ್ಟು ಒಳಗೆ ಬರ್ತೀವಿ. ಎಲ್ಲಾ ಮುಗಿದ ಮೇಲೆ ‘ಇನ್ನೊಂದೆರಡು ಲಕ್ಷ ಕಮ್ಮಿ ಬೀಳ್ತದ, ನಿನ್ನ ಬಂಗಾರ ಕೊಡು’ ಅಂತ ಕರೆ ಬರುತ್ತೆ. ಬಂಗಾರ ಕೊಡೋದು ತಪ್ಪಲ್ಲ, ಮನೆ ಎಲ್ಲರದೂ ಹೌದು. ಆದರೆ ಬಂಗಾರ ಕೊಡೋ ಕೈಗೆ ಕಾಗದ ನೋಡೋ ಹಕ್ಕೂ ಇದೆ. ಅದಕ್ಕೇ ಈ ವಾರ ಅಡುಗೆ, ಅಂದ ಎಲ್ಲ ಬದಿಗಿಟ್ಟು ಮನೆ ಮಾರುಕಟ್ಟೆಯ ಮಾತಾಡೋಣ.

ನಮ್ಮ ಊರುಗಳ ಬೆಲೆ ಹೇಗೆ ನಿಲ್ಲುತ್ತೆ?

ಬೆಂಗಳೂರಿನ ಲೆಕ್ಕ ನಮಗೆ ಬರೋದಿಲ್ಲ. ನಮ್ಮ ಭಾಗದ ಮನೆ ಬೆಲೆಯನ್ನು ನಿಲ್ಲಿಸೋದು ಸಿಮೆಂಟು, ರೈಲು ಮತ್ತು ತೊಗರಿ. ಸೇಡಂ, ಮಳಖೇಡ, ವಾಡಿ ಕಡೆ ಕಾರ್ಖಾನೆಗಳಿವೆ. ಅಲ್ಲಿ ಕೆಲಸ ಇರೋವರೆಗೆ ಬಾಡಿಗೆಗೆ ಜನ ಬರ್ತಾರೆ, ಮನೆಗೆ ಬೇಡಿಕೆ ಇರುತ್ತೆ. ಕ್ವಾರ್ಟರ್ಸ್‌ನಲ್ಲಿ ಇಡೀ ಸರ್ವಿಸ್ ಕಳೆದ ಕುಟುಂಬಗಳು ನಿವೃತ್ತಿ ಹತ್ತಿರ ಬಂದಾಗ ಸ್ವಂತ ಸೂರು ಹುಡುಕೋಕೆ ಶುರು ಮಾಡ್ತವೆ. ಶಹಾಬಾದ್‌ನಲ್ಲಿ ಹಳೆಯ ಕಾರ್ಖಾನೆಗಳು ನಿಂತಾಗ ಮನೆ ಮಾರುಕಟ್ಟೆ ಹೇಗೆ ತಣ್ಣಗಾಯಿತು ಅಂತ ಅಲ್ಲಿನ ಹಿರಿಯರನ್ನು ಕೇಳಿ, ಅವರೇ ಹೇಳ್ತಾರೆ. ಹಾಗಾಗಿ ‘ಮುಂದಿನ ವರ್ಷ ಫ್ಯಾಕ್ಟರಿ ಬರ್ತದ, ರೇಟು ಡಬಲ್ ಆಗ್ತದ’ ಅನ್ನೋ ಮಾತಿಗೆ ಹಣ ಕೊಡಬೇಡಿ. ಇವತ್ತು ಇರೋ ರಸ್ತೆಗೆ, ನೀರಿಗೆ, ಶಾಲೆಗೆ ಮಾತ್ರ ಬೆಲೆ ಕಟ್ಟಿ.

ಇನ್ನು ಕಾಲದ ಮಾತು. ತೊಗರಿ ರಾಶಿ ಮುಗಿದು ಕೈಗೆ ದುಡ್ಡು ಬಂದಾಗ ಕೊಳ್ಳೋರು ಹೆಚ್ಚು. ಮಾರೋರಿಗೆ ಅದು ಒಳ್ಳೆ ಸಮಯ. ಕೊಳ್ಳೋರಾದರೆ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡಿ. ಪೈಪೋಟಿ ಕಡಿಮೆ ಇರುತ್ತೆ, ಜೊತೆಗೆ ನೀರು ಎಲ್ಲಿ ನಿಲ್ಲುತ್ತೆ ಅನ್ನೋದೂ ಕಣ್ಣಿಗೆ ಕಾಣುತ್ತೆ. 2020ರ ಅಕ್ಟೋಬರಿನಲ್ಲಿ ಕಾಗಿಣಾ ನದಿ ಉಕ್ಕಿದ್ದನ್ನು ಮರೆಯೋಕಾಗುತ್ತಾ? 2025ರ ಮಳೆಗಾಲದಲ್ಲೂ ಜಿಲ್ಲೆಗೆ ನೆರೆಯ ಪೆಟ್ಟು ಬಿತ್ತು. ಬೇಸಿಗೆಯಲ್ಲಿ ನೋಡಿದ ಪ್ಲಾಟು ಇದನ್ನು ಹೇಳೋದಿಲ್ಲ. ಬದಲಿಗೆ ಬೋರ್‌ವೆಲ್ ಪರೀಕ್ಷೆಗೆ ಮೇ ತಿಂಗಳೇ ಸರಿ. ಎರಡು ಸಲ ಹೋಗೋದು ದಂಡ ಅಂದುಕೊಳ್ಳಬೇಡಿ, ಸೀರೆ ಕೊಳ್ಳೋಕೆ ನಾಲ್ಕು ಅಂಗಡಿ ತಿರುಗ್ತೀವಲ್ಲ!

ಕೇಳಿದ ಬೆಲೆ, ಕೊಟ್ಟ ಬೆಲೆ

ಮಾರೋರು ಹೇಳೋ ಬೆಲೆ ಅವರ ಆಸೆ ಮಾತ್ರ. ಆ ಓಣಿಯಲ್ಲಿ ಈಚೆಗೆ ಮನೆ ಕೊಂಡ ಎರಡು ಮೂರು ಕುಟುಂಬದವರನ್ನು ವಿಚಾರಿಸಿ. ನಾವು ಹೆಂಗಸರು ಮಾತಿಗೆ ಕೂತರೆ ಗಂಡಸರಿಗೆ ಸಿಗದ ಲೆಕ್ಕವೂ ಸಿಗುತ್ತೆ. ಸರ್ಕಾರದ ಮಾರ್ಗಸೂಚಿ ಬೆಲೆಯನ್ನು ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ನೋಡಬಹುದು. ಈ ದರವನ್ನು 2023ರ ಅಕ್ಟೋಬರಿನಲ್ಲಿ ರಾಜ್ಯದಾದ್ಯಂತ ಏರಿಸಲಾಗಿದೆ.

ಬೆಲೆಯ ಮೇಲೆ ಖರ್ಚೂ ಉಂಟು. ಊರಿನೊಳಗೆ 12 ಲಕ್ಷದ ಪ್ಲಾಟ್ ಅಂತ ಇಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 60 ಸಾವಿರ. ಆ ಶುಲ್ಕದ ಮೇಲೆ ಶೇ 10 ಸೆಸ್ 6 ಸಾವಿರ, ಶೇ 2 ಸರ್‌ಚಾರ್ಜ್ 1,200. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 24 ಸಾವಿರ. ಒಟ್ಟು 91,200 ರೂಪಾಯಿ! ಪಂಚಾಯ್ತಿ ವ್ಯಾಪ್ತಿಯಲ್ಲಾದರೆ ಸರ್‌ಚಾರ್ಜ್ ಶೇ 3, ಇನ್ನೂ 600 ಜಾಸ್ತಿ. ಕೊಟ್ಟ ಬೆಲೆಗಿಂತ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಶುಲ್ಕ ಅದರ ಮೇಲೆಯೇ. ಬಜೆಟ್ ಹಾಕುವಾಗ ಈ ಮೊತ್ತವನ್ನು ಮೊದಲೇ ತೆಗೆದಿಡಿ.

ಈ ಖರ್ಚು ಉಳಿಸೋಕೆ ಅಂತಲೇ ‘ಕಾಗದದಲ್ಲಿ ಕಮ್ಮಿ ತೋರಸೋಣ, ಉಳಿದದ್ದು ಕೈಯಾಗ ಕೊಡ್ರಿ’ ಅನ್ನೋರು ಇದ್ದಾರೆ. ಇಲ್ಲೇ ಗೆಳತಿಯರೇ, ನಾನು ನಿಮ್ಮನ್ನು ಎಚ್ಚರಿಸಬೇಕಾದದ್ದು. 15 ಲಕ್ಷದ ಮನೆಯನ್ನು 9 ಲಕ್ಷ ಅಂತ ಬರೆಸಿದರೆ ಉಳಿದ 6 ಲಕ್ಷಕ್ಕೆ ಸಾಕ್ಷಿ ಇಲ್ಲ. ಬ್ಯಾಂಕಿನಿಂದ ಬಂದ ಹಣ ಕಾಗದದಲ್ಲಿ ಕಾಣುತ್ತೆ, ಯಜಮಾನರ ಪಿಎಫ್ ಹಣ ಕಾಣುತ್ತೆ. ಕಾಣದೇ ಹೋಗೋದು ಯಾವುದು? ನಿಮ್ಮ ಬಂಗಾರ ಮಾರಿ ತಂದ ನಗದು! ನಾಳೆ ವ್ಯವಹಾರ ಮುರಿದರೆ ವಾಪಸ್ ಕೇಳೋಕೆ ದಾರಿಯಿಲ್ಲ. ಮನೆಯಲ್ಲೇ ಮಾತು ಬಂದರೂ ‘ನಿನ್ನದೇನು ಹಾಕಿದ್ದಿ’ ಅನ್ನೋ ಪ್ರಶ್ನೆಗೆ ಉತ್ತರವಿಲ್ಲ. ಮೇಲಾಗಿ ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯೋದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ. ಬಂಗಾರ ಮಾರಿದ ಹಣ ನಿಮ್ಮ ಖಾತೆಗೆ ಬರಲಿ, ಅಲ್ಲಿಂದ ಚೆಕ್ ಮೂಲಕ ಮಾರೋರಿಗೆ ಹೋಗಲಿ. ಆ ಚೆಕ್ ನಂಬರ್ ಕ್ರಯಪತ್ರದಲ್ಲಿ ಬರಲಿ.

‘ಎನ್‌ಎ ಆಗ್ಯಾದ್ರಿ ಅಕ್ಕಾರ’

ಪ್ಲಾಟ್ ತೋರಿಸೋರು ಹೇಳೋ ಮೊದಲ ಮಾತೇ ಇದು. ಆಗಿದ್ದರೆ ಜಿಲ್ಲಾಧಿಕಾರಿಗಳ ಆದೇಶದ ಪ್ರತಿ ತೋರಿಸಲಿ. ಎನ್‌ಎ ಅಂದರೆ ಹೊಲವನ್ನು ಬೇರೆ ಬಳಕೆಗೆ ಪರಿವರ್ತಿಸಿದ್ದು, ಅಷ್ಟೇ. ಅದರ ಮೇಲೆ ಯೋಜನಾ ಪ್ರಾಧಿಕಾರದಿಂದ ಲೇಔಟ್ ನಕ್ಷೆಗೂ ಒಪ್ಪಿಗೆ ಬೇಕು. ಪಹಣಿಯಲ್ಲಿ ಜಂಟಿ ಹೆಸರು ಸೇರಿಸಿ, ಬಾಂಡ್ ಪೇಪರ್ ಮೇಲೆ ಬರೆದುಕೊಡೋ ಗುಂಟೆ ಪ್ಲಾಟ್‌ಗೆ ಬೆಲೆ ಕಡಿಮೆ ಇರೋದು ಸುಮ್ಮನೆ ಅಲ್ಲ. ಅದಕ್ಕೆ ಬ್ಯಾಂಕ್ ಸಾಲ ಸಿಗೋದು ಕಷ್ಟ, ಮತ್ತೆ ಮಾರೋದು ಇನ್ನೂ ಕಷ್ಟ.

ಮುಂಗಡ ಕೊಡೋ ಮೊದಲು ಇವಿಷ್ಟನ್ನು ನೋಡಿ:

• ಇ-ಖಾತೆ: 2024ರ ಅಕ್ಟೋಬರಿನಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದ ಮನೆ, ಪ್ಲಾಟ್‌ಗಳ ನೋಂದಣಿ ಇಲ್ಲ. ಪುರಸಭೆ, ನಗರಸಭೆ ವ್ಯಾಪ್ತಿಯಲ್ಲಿ ಇ-ಆಸ್ತಿ, ಹಳ್ಳಿಗಳಲ್ಲಿ ಇ-ಸ್ವತ್ತು. ಹಳ್ಳಿಯ ಮನೆಗೆ ನಮೂನೆ 9 ಮತ್ತು 11ಎ ಕೇಳಿ. 11ಬಿ ಅಂತ ಇದ್ದರೆ ನಿಂತು ಯೋಚಿಸಿ.

• ಬಿ ಖಾತೆ: ಊರುಗಳಲ್ಲಿನ ಅನಧಿಕೃತ ಬಡಾವಣೆಯ ಮನೆಗಳನ್ನು ತೆರಿಗೆ ಲೆಕ್ಕಕ್ಕೆ ತರೋಕೆ 2025ರಲ್ಲಿ ಬಿ ಖಾತೆ ಕೊಡೋ ಅಭಿಯಾನ ನಡೆಯಿತು. ಬಿ ಖಾತೆ ಬಂತು ಅಂದ ಮಾತ್ರಕ್ಕೆ ಬಡಾವಣೆ ಸಕ್ರಮ ಆಯಿತು ಅಂತಲ್ಲ. ಎ ಖಾತೆಯ ಬೆಲೆ ಕೊಟ್ಟು ಬಿ ಖಾತೆ ಕೊಳ್ಳಬೇಡಿ.

• ಇಸಿ: ಋಣಭಾರ ಪ್ರಮಾಣಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಿ. ಮನೆ ಅಡವಿದೆಯಾ, ಮೊದಲೇ ಬೇರೆಯವರಿಗೆ ಬರೆದುಕೊಟ್ಟಿದ್ದಾರಾ ಅನ್ನೋದು ಅದರಲ್ಲಿ ಸಿಗುತ್ತೆ. ಆದರೆ ನೋಂದಣಿ ಆಗದ ಕರಾರು ಇದರಲ್ಲಿ ಬರೋದಿಲ್ಲ, ಅದಕ್ಕೇ ಅಕ್ಕಪಕ್ಕದವರನ್ನೂ ಕೇಳಬೇಕು.

• ಜಮೀನಿನ ಮೂಲ: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಇದು 1978ರ ಕಾಯ್ದೆ. ಎಷ್ಟೇ ವರ್ಷ ಕಳೆದಿದ್ದರೂ ಜಮೀನು ವಾಪಸ್ ಕೇಳಬಹುದು ಅಂತ 2023ರ ತಿದ್ದುಪಡಿ ಹೇಳುತ್ತೆ. ಅದು ಆ ಕುಟುಂಬದ ನ್ಯಾಯವಾದ ಹಕ್ಕು. ಅದರ ಮೇಲೆ ಮನೆ ಕಟ್ಟಿ ನಾವು ನಷ್ಟ ಮಾಡಿಕೊಳ್ಳೋದು ಬೇಡ.

• ರೇರಾ: ಜಾಗ 500 ಚದರ ಮೀಟರ್‌ಗಿಂತ ದೊಡ್ಡದಾಗಿದ್ದು, ಎಂಟಕ್ಕಿಂತ ಹೆಚ್ಚು ಪ್ಲಾಟ್ ಇರೋ ಹೊಸ ಲೇಔಟ್ ಆದರೆ ರೇರಾ ನಂಬರ್ ಕೇಳಿ.

ಇಷ್ಟು ಕಾಗದವನ್ನು ಒಬ್ಬ ವಕೀಲರಿಗೆ ತೋರಿಸಿದರೆ ತಗಲೋ ಫೀಸು ಮನೆ ಬೆಲೆಯ ಮುಂದೆ ಏನೂ ಅಲ್ಲ. ಮಾರೋರೇ ಗೊತ್ತುಮಾಡಿದ ವಕೀಲರು ಮಾತ್ರ ಬೇಡ.

ಗೋಡೆ ಮತ್ತು ನೆಲ

ಹಳೆ ಮನೆ ಕೊಳ್ಳೋರಿಗೆ ಒಂದು ಮಾತು. ನಮ್ಮ ಕಲ್ಲಿನ ಮನೆಗಳು ಬೇಸಿಗೆಗೆ ತಂಪು, ಶಹಾಬಾದ್ ಕಲ್ಲಿನ ನೆಲ ಅಂತೂ ತಲೆಮಾರು ತಲೆಮಾರು ಬಾಳುತ್ತೆ. ಆದರೆ ಗೋಡೆ ಮಣ್ಣಲ್ಲಿ ಕಟ್ಟಿದ್ದಾ, ಗಚ್ಚಿನಲ್ಲಿ ಕಟ್ಟಿದ್ದಾ ನೋಡಿ. 1993ರ ಸೆಪ್ಟೆಂಬರ್ 30ರಂದು ಕಿಲ್ಲಾರಿಯಲ್ಲಿ ಹೆಚ್ಚು ಜೀವ ತೆಗೆದದ್ದು ಮಣ್ಣಲ್ಲಿ ಕಟ್ಟಿದ ಕಲ್ಲಿನ ಗೋಡೆಗಳೇ. ನಮ್ಮಲ್ಲೂ 2021ರ ಅಕ್ಟೋಬರಿನಲ್ಲಿ ಗಡಿಕೇಶ್ವಾರ ಸುತ್ತಮುತ್ತ ಭೂಮಿ ಮತ್ತೆ ಮತ್ತೆ ನಡುಗಿ, ಜನ ಮನೆಯೊಳಗೆ ಮಲಗೋಕೆ ಹೆದರಿದರು. ಗೋಡೆ ಉಬ್ಬಿದ್ದರೆ, ಮೂಲೆ ಬಿಟ್ಟುಕೊಂಡಿದ್ದರೆ ಸುಣ್ಣ ಬಳಿದ ಅಂದ ನೋಡಿ ಮರುಳಾಗಬೇಡಿ. ಹೊಸದಾಗಿ ಕಟ್ಟೋರಿಗೆ ಎರೆಭೂಮಿಯ ಕಾಟ. ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗೋ ನೆಲ ಅದು. ಪ್ಲಾಟ್ ಅಗ್ಗಕ್ಕೆ ಸಿಕ್ಕರೂ ಪಾಯಕ್ಕೆ ಖರ್ಚು ಹೆಚ್ಚು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ಎರಡು ಮನೆಗೆ ಒಂದೇ ಗೋಡೆ ಇದ್ದರೆ ಅದು ಯಾರದು ಅನ್ನೋದನ್ನೂ ಪತ್ರದಲ್ಲಿ ಬರೆಸಿ.

ಮಾರುವವರಿಗೂ ಎರಡು ಮಾತು

ಮಕ್ಕಳು ಹೈದರಾಬಾದ್, ಬೆಂಗಳೂರು ಸೇರಿದ್ದಾರೆ, ಊರ ಮನೆ ಮಾರೋಣ ಅನ್ನೋ ಕುಟುಂಬಗಳು ಎಷ್ಟೋ. ಅವಸರದಲ್ಲಿ ಮಾರಿದರೆ ಬೆಲೆ ಬೀಳುತ್ತೆ. ಖಾತೆ ಇನ್ನೂ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಕಾಗದ ಸರಿ ಇರೋ ಮನೆಗೆ ಗಿರಾಕಿ ತಾನೇ ಬರ್ತಾರೆ, ಬ್ಯಾಂಕ್ ಸಾಲ ಮಾಡಿ ಕೊಳ್ಳೋರೂ ಬರ್ತಾರೆ.

ಎರಡನೆಯದು ನಮ್ಮದೇ ಮಾತು. ಹೆಣ್ಣುಮಕ್ಕಳ ಸಹಿ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗೋದಿಲ್ಲ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂದೆ ಸ್ವಂತ ದುಡಿದು ಮಾಡಿದ ಆಸ್ತಿಯಾದರೆ ಅವರು ಬದುಕಿರೋವರೆಗೆ ಅದು ಅವರಿಷ್ಟ. ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ, ಆದರೆ ಅಲ್ಲೂ ಮಗಳಿಗೆ ಪಾಲುಂಟು.

ತವರಿನಿಂದ ‘ಅವ್ವಿ, ಒಂದು ಸಹಿ ಮಾಡಿ ಹೋಗು’ ಅಂತ ಅಣ್ಣನ ಫೋನ್ ಬಂದರೆ ಹೋಗಿ, ಆದರೆ ಓದಿ. ಹಕ್ಕು ಬಿಟ್ಟುಕೊಡೋದಾದರೆ ಅದು ನಿಮ್ಮ ಮನಸ್ಸಿನಿಂದ ಆಗಲಿ, ತಿಳಿಯದೆ ಆಗೋದು ಬೇಡ. ಹಾಗೆಯೇ, ನಾವೇ ಕೊಳ್ಳೋ ಮನೆಯವರಾದಾಗ ಆ ಮನೆಯ ಹೆಣ್ಣುಮಕ್ಕಳ ಸಹಿ ಕೇಳೋಣ. ‘ತಂಗ್ಯಾರದೇನು ತಕರಾರಿಲ್ಲ’ ಅಂದರೆ ಒಪ್ಪಬೇಡಿ. ತಕರಾರಿಲ್ಲದಿದ್ದರೆ ಸಹಿ ಮಾಡೋಕೆ ಏನಡ್ಡಿ?

ನಿಮ್ಮ ಹೆಸರು ಎಲ್ಲಿದೆ?

ಹೆಂಗಸರ ಹೆಸರಿಗೆ ಮನೆ ಕೊಂಡರೆ ದೆಹಲಿ, ಮಹಾರಾಷ್ಟ್ರಗಳಲ್ಲಿ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ಪಕ್ಕದ ಸೊಲ್ಲಾಪುರದ ಅಕ್ಕನಿಗೆ ಸಿಗೋದು ಸೇಡಂನ ಅಕ್ಕನಿಗೆ ಯಾಕಿಲ್ಲ? ನಮ್ಮ ಸರ್ಕಾರವೂ ಇದನ್ನು ಯೋಚಿಸಬೇಕು. ಆದರೆ ರಿಯಾಯಿತಿಗಾಗಿ ಕಾಯಬೇಕಿಲ್ಲ. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ, ವರ್ಷಕ್ಕೆ 9 ಲಕ್ಷದೊಳಗೆ ಆದಾಯ ಇರೋ, ಎಲ್ಲೂ ಪಕ್ಕಾ ಮನೆ ಇಲ್ಲದ ಕುಟುಂಬಕ್ಕೆ ಗೃಹಸಾಲದ ಬಡ್ಡಿಯಲ್ಲಿ ಒಟ್ಟು 1.80 ಲಕ್ಷದವರೆಗೆ ನೆರವಿದೆ. ಅಲ್ಲಿ ಮನೆ ಗೃಹಿಣಿಯ ಹೆಸರಲ್ಲೋ ಜಂಟಿಯಾಗೋ ಇರಬೇಕು. ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ. ಮಹಿಳೆಯರಿಗೆ ಬಡ್ಡಿ ಕಡಿಮೆ ಇದೆಯಾ ಅಂತಲೂ ಕೇಳಿ.

ಜಂಟಿ ಹೆಸರು ಕೇಳೋದು ಗಂಡನ ಮೇಲೆ ಅಪನಂಬಿಕೆ ಅಲ್ಲ ಗೆಳತಿಯರೇ. ಕಾರ್ಖಾನೆಯಲ್ಲಿ, ರೈಲ್ವೆಯಲ್ಲಿ, ಖಣಿಯಲ್ಲಿ ದುಡಿಯೋ ಮನೆಗಳು ನಮ್ಮವು. ಯಜಮಾನರಿಗೆ ಏನಾದರೂ ಆದರೆ ಮನೆಯೊಂದೇ ಆಸರೆ. ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದರೆ ಒಬ್ಬರೇ ಇಡೀ ಮನೆ ಮಾರೋಕೆ ಬರೋದಿಲ್ಲ, ಅಡವಿಡೋಕೂ ಬರೋದಿಲ್ಲ. ಇದು ಅವರಿಗೂ ರಕ್ಷೆ, ನಿಮಗೂ ರಕ್ಷೆ.

ಮುಂದಿನ ಸಲ ಪಡಸಾಲೆಯಲ್ಲಿ ಪ್ಲಾಟಿನ ಮಾತು ಬಂದಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ. ನೀವೂ ಒಂದು ಕಪ್ ಹಿಡಿದು ಅಲ್ಲೇ ಕೂತು ಕೇಳಿ: ‘ಕಾಗದ ತಂದೀರೇನ್ರಿ? ಸ್ವಲ್ಪ ನೋಡ್ತೀನಿ.’