ಎದುರಿನ ಜಾಗ

ಸಂಗೀತ ಕಛೇರಿಯಲ್ಲಿ ಎದುರಿನ ಜಾಗ ಯಾರಿಗೆ ಸಲ್ಲಬೇಕು? ನಮ್ಮ ಊರುಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ವೇದಿಕೆಯ ಮುಂದೆ ಸೋಫಾಗಳನ್ನು ಇರಿಸಿ, ಗಣ್ಯರಿಗಾಗಿ ಕಾಯ್ದಿರಿಸಿದೆಯೆಂದು ಚೀಟಿ ಅಂಟಿಸಿಬಿಟ್ಟರೆ ಉತ್ತರವು ತಾನಾಗಿಯೇ ದೊರೆತಂತೆ. ಗಣ್ಯರು ಬರುತ್ತಾರೆ, ದೀಪ ಬೆಳಗಿಸುತ್ತಾರೆ, ಹಾರ ಸ್ವೀಕರಿಸುತ್ತಾರೆ. ಮೊದಲ ರಾಗದ ಆಲಾಪ ಮುಗಿಯುವ ಮುನ್ನವೇ ಮತ್ತೊಂದು ಸಮಾರಂಭಕ್ಕೆ ಎದ್ದು ಹೋಗುತ್ತಾರೆ. ತೆರವಾದ ಆ ಸೋಫಾಗಳ ಹಿಂದೆ, ದೂರದ ಕುರ್ಚಿಗಳಲ್ಲಿ, ನಿಜವಾಗಿ ಕೇಳಲೆಂದೇ ಬಂದವರು ಕುಳಿತಿರುತ್ತಾರೆ.

ಲಂಡನ್ ನಗರದಲ್ಲಿ ಪ್ರತಿ ಬೇಸಿಗೆಯಲ್ಲಿ ಜರುಗುವ ‘ಪ್ರಾಮ್ಸ್’ ಎಂಬ ಅಂತರರಾಷ್ಟ್ರೀಯ ಸಂಗೀತೋತ್ಸವವು ಇದೇ ಪ್ರಶ್ನೆಗೆ 1895ರಿಂದಲೂ ಬೇರೊಂದು ಉತ್ತರವನ್ನು ಕೊಡುತ್ತ ಬಂದಿದೆ. ಅಲ್ಲಿ ವೇದಿಕೆಗೆ ಅತ್ಯಂತ ಹತ್ತಿರದ ಜಾಗವೇ ಅತ್ಯಂತ ಅಗ್ಗದ ಜಾಗ. ಅಲ್ಲಿ ಕುರ್ಚಿಗಳಿಲ್ಲ, ಶ್ರೋತೃಗಳು ನಿಂತುಕೊಂಡೇ ಕೇಳಬೇಕು.

ಉತ್ಸವವು ಸಾಮಾನ್ಯವಾಗಿ ಜುಲೈ ಮಧ್ಯಭಾಗದಲ್ಲಿ ಆರಂಭವಾಗಿ ಸೆಪ್ಟೆಂಬರ್ ತಿಂಗಳ ಎರಡನೆಯ ವಾರದವರೆಗೆ, ಸುಮಾರು ಎಂಟು ವಾರಗಳ ಕಾಲ ನಡೆಯುತ್ತದೆ. 1871ರಲ್ಲಿ ಉದ್ಘಾಟನೆಗೊಂಡ ರಾಯಲ್ ಆಲ್ಬರ್ಟ್ ಹಾಲ್ ಎಂಬ ಗುಮ್ಮಟದ ಭವನ ಇದರ ಮುಖ್ಯ ನೆಲೆ. 5,000ಕ್ಕೂ ಹೆಚ್ಚು ಜನ ಸೇರಬಲ್ಲ ಈ ಭವನದಲ್ಲಿ ಪ್ರಾಮ್ಸ್ ಕಛೇರಿಗಳಿಗೆ ವೇದಿಕೆಯ ಎದುರಿನ ನೆಲವನ್ನೂ ಮೇಲಿನ ಕೊನೆಯ ಅಂತಸ್ತನ್ನೂ ನಿಲ್ಲುವವರಿಗೆಂದೇ ಬಿಟ್ಟಿರುತ್ತಾರೆ. ಇತ್ತೀಚಿನ ಋತುಗಳಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಛೇರಿಗಳು ನಡೆದಿವೆ. ಯುರೋಪು ಅಮೆರಿಕಗಳ ಹೆಸರಾಂತ ವಾದ್ಯವೃಂದಗಳು ಇಲ್ಲಿಗೆ ಬರುತ್ತವೆ. ಬೀಥೋವನ್ನನ ಒಂಬತ್ತನೆಯ ಸಿಂಫೊನಿಯಂಥ ಹಳೆಯ ಕೃತಿಗಳ ಪಕ್ಕದಲ್ಲಿಯೇ ಮೊದಲ ಬಾರಿಗೆ ನುಡಿಸಲ್ಪಡುವ ಹೊಸ ಕೃತಿಗಳೂ ಇರುತ್ತವೆ. 2025ರಲ್ಲಿ ಗೇಟ್ಸ್‌ಹೆಡ್, ಬ್ರಾಡ್‌ಫರ್ಡ್, ಬೆಲ್‌ಫಾಸ್ಟ್ ಮುಂತಾದ ನಗರಗಳಲ್ಲಿಯೂ ಕೆಲವು ಕಛೇರಿಗಳು ನಡೆದವು.

‘ಪ್ರಾಮ್ಸ್’ ಎಂಬುದು ‘ಪ್ರಾಮಿನಾಡ್’ ಎಂಬ ಪದದ ಹ್ರಸ್ವರೂಪ. ಅಡ್ಡಾಡುವುದು ಎಂದು ಅದರ ಅರ್ಥ. ಹಿಂದೆ ಲಂಡನ್ನಿನ ಉದ್ಯಾನಗಳಲ್ಲಿ ಜನರು ಅಡ್ಡಾಡುತ್ತ ಸಂಗೀತ ಕೇಳುತ್ತಿದ್ದುದರಿಂದ ಈ ಹೆಸರು ಬಂದಿತು. ಕ್ವೀನ್ಸ್ ಹಾಲ್ ಎಂಬ ಭವನದ ವ್ಯವಸ್ಥಾಪಕ ರಾಬರ್ಟ್ ನ್ಯೂಮನ್ ಎಂಬಾತನಿಗೆ ಒಂದು ಹಂಬಲವಿತ್ತು: ಶಾಸ್ತ್ರೀಯ ಸಂಗೀತದ ಪರಿಚಯವೇ ಇಲ್ಲದ ಸಾಮಾನ್ಯ ಜನರನ್ನು ಮೊದಲು ಸುಲಭವಾದ ಕೃತಿಗಳಿಂದ ಆಕರ್ಷಿಸಿ, ಮೆಟ್ಟಿಲು ಮೆಟ್ಟಿಲಾಗಿ ಗಂಭೀರ ಕೃತಿಗಳತ್ತ ಕರೆದೊಯ್ಯಬೇಕು. 1895ರ ಆಗಸ್ಟ್ 10ರಂದು ಮೊದಲ ಕಛೇರಿ ನಡೆಯಿತು. ನಿಲ್ಲುವವರಿಗೆ ಪ್ರವೇಶ ಶುಲ್ಕ ಒಂದು ಶಿಲ್ಲಿಂಗ್. ಇಡೀ ಋತುವಿಗೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್. ತಿನ್ನಲು, ಕುಡಿಯಲು, ಹೊಗೆಬತ್ತಿ ಸೇದಲು ಕೂಡ ಅಲ್ಲಿ ಅಡ್ಡಿಯಿರಲಿಲ್ಲ. ಗಾಯನ ನಡೆಯುವಾಗ ಮಾತ್ರ ಬೆಂಕಿಕಡ್ಡಿ ಗೀರಬಾರದೆಂದು ವಿನಂತಿಸಲಾಗುತ್ತಿತ್ತು!

ಆ ಮೊದಲ ಋತುವಿಗೆ ಹಣ ಕೊಟ್ಟವನು ರಾಜನಲ್ಲ, ಜಮೀನುದಾರನೂ ಅಲ್ಲ. ಜಾರ್ಜ್ ಕ್ಯಾತ್‌ಕಾರ್ಟ್ ಎಂಬ ಗಂಟಲು ರೋಗಗಳ ವೈದ್ಯ. ಆತ ಎರಡು ಷರತ್ತುಗಳನ್ನು ಹಾಕಿದ. ಮೊದಲನೆಯದು, ಆಗ 26 ವರ್ಷದ ತರುಣನಾಗಿದ್ದ ಹೆನ್ರಿ ವುಡ್ ವಾದ್ಯವೃಂದವನ್ನು ನಡೆಸಬೇಕು. ಎರಡನೆಯದು, ವಾದ್ಯಗಳ ಶ್ರುತಿಯನ್ನು ತಗ್ಗಿಸಬೇಕು. ಅಂದಿನ ಇಂಗ್ಲೆಂಡಿನಲ್ಲಿ ವಾದ್ಯವೃಂದಗಳ ಶ್ರುತಿ ಬಹಳ ಏರಿಹೋಗಿತ್ತು. ಆ ಎತ್ತರಕ್ಕೆ ಹಾಡಿ ಹಾಡಿ ಗಾಯಕರ ಗಂಟಲು ಹಾಳಾಗುವುದೆಂದು ಈ ವೈದ್ಯನ ಆತಂಕ. ಶ್ರುತಿಯನ್ನು ತನ್ನ ಕಂಠಕ್ಕೆ ತಕ್ಕಂತೆ ಆರಿಸಿಕೊಳ್ಳುವ ನಮ್ಮ ಗಾಯಕರಿಗೆ ಇದು ವಿಚಿತ್ರವೆನಿಸೀತು. ಆದರೆ ಪಾಶ್ಚಾತ್ಯ ವಾದ್ಯವೃಂದದಲ್ಲಿ ಹತ್ತಾರು ಗಾಳಿವಾದ್ಯಗಳು ಒಂದು ನಿಶ್ಚಿತ ಶ್ರುತಿಗೆ ತಯಾರಾಗಿರುತ್ತವೆ. ಒಬ್ಬ ಗಾಯಕನಿಗಾಗಿ ಅವುಗಳನ್ನು ಬದಲಾಯಿಸಲು ಬರುವುದಿಲ್ಲ. ಕೇಳುವವರ ಜೇಬನ್ನೂ ಹಾಡುವವರ ಕಂಠವನ್ನೂ ಒಟ್ಟಿಗೆ ನೆನೆದು ಆರಂಭವಾದ ಉತ್ಸವವಿದು.

ಅಗ್ಗದ ಟಿಕೆಟ್ಟಿನ ಹಿಂದೆ ಯಾರೋ ಒಬ್ಬರು ಭಾರ ಹೊತ್ತಿರಲೇಬೇಕು. 1902ರಲ್ಲಿ ನ್ಯೂಮನ್ ದಿವಾಳಿಯಾದ. ಆಗ ಎಡ್ಗರ್ ಸ್ಪೇಯರ್ ಎಂಬ ಬ್ಯಾಂಕರ್ ಕೈಹಿಡಿದ. ಆದರೆ 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ, ಜರ್ಮನ್ ಮನೆತನದವನೆಂಬ ಕಾರಣಕ್ಕೆ ಜನರ ರೋಷಕ್ಕೆ ಗುರಿಯಾಗಿ ಆತನೂ ದೂರ ಸರಿಯಬೇಕಾಯಿತು. ಆ ವರ್ಷ ಜರ್ಮನಿಯ ವ್ಯಾಗ್ನರ್‌ನ ಕೃತಿಗಳಿಗೆ ಮೀಸಲಾಗಿದ್ದ ಒಂದು ಸಂಜೆಯ ಕಾರ್ಯಕ್ರಮವನ್ನೇ ಬದಲಾಯಿಸಲಾಯಿತು. ಆದರೂ ಸಂಗೀತಕ್ಕೆ ಶತ್ರುದೇಶವೆಂಬುದಿಲ್ಲ ಎಂದು ವ್ಯವಸ್ಥಾಪಕರು ಗಟ್ಟಿಯಾಗಿ ನಿಂತರು. ಅದೇ ಋತುವಿನಲ್ಲಿ ವ್ಯಾಗ್ನರ್ ಮರಳಿ ಬಂದ. ಮುಂದೆ 1927ರಲ್ಲಿ ಬಿಬಿಸಿ ಸಂಸ್ಥೆಯು ಉತ್ಸವದ ಹೊಣೆ ಹೊತ್ತಿತು. ಆ ದೇಶದ ಮನೆಮನೆಗಳಿಂದ ಸಲ್ಲುವ ಪ್ರಸಾರ ಶುಲ್ಕವೇ ಆ ಸಂಸ್ಥೆಯ ಮುಖ್ಯ ಆದಾಯ. ಅಂದರೆ ಒಬ್ಬ ವೈದ್ಯನ ಧಾರಾಳತನದಿಂದ ಮೊದಲಾದ ಕಾರ್ಯವು ಕೊನೆಗೆ ಎಲ್ಲ ಮನೆಗಳ ಕಾಣಿಕೆಯಾಯಿತು.

ಹೆನ್ರಿ ವುಡ್ ಸುಮಾರು ಅರ್ಧ ಶತಮಾನ ಈ ಉತ್ಸವವನ್ನು ನಡೆಸಿದ. ಸ್ತ್ರೀಯರು ಮನೆಯಲ್ಲಿ ನುಡಿಸಬಹುದು, ವೃತ್ತಿಪರ ವೃಂದದಲ್ಲಿ ಕೂಡದು ಎಂಬ ಭಾವನೆ ಬಲವಾಗಿದ್ದ ಕಾಲದಲ್ಲಿ, 1913ರಲ್ಲಿ, ಆತ ತನ್ನ ವಾದ್ಯವೃಂದಕ್ಕೆ ಆರು ಮಂದಿ ಮಹಿಳೆಯರನ್ನು ಸೇರಿಸಿಕೊಂಡ. ಆದರೆ ಉತ್ಸವದ ಕೊನೆಯ ರಾತ್ರಿಯ ಕಛೇರಿಯನ್ನು ಮಹಿಳೆಯೊಬ್ಬಳು ನಡೆಸಲು ಮತ್ತೆ ನೂರು ವರ್ಷ ಬೇಕಾಯಿತು. 2013ರಲ್ಲಿ ಮ್ಯಾರಿನ್ ಆಲ್ಸಪ್ ಎಂಬಾಕೆ ಆ ಗೌರವ ಪಡೆದರು. ಬಾಗಿಲು ತೆರೆಯುವುದು ಒಂದು ದಿನದ ಕೆಲಸ. ಒಳಗಿನವರೆಗೆ ನಡೆದು ಹೋಗುವುದು ತಲೆಮಾರುಗಳ ಕೆಲಸ. ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಿ, ಮದುವೆಯಾದ ಮೇಲೆ ತಂಬೂರಿಗೆ ಗವಸು ತೊಡಿಸಿ ಮೂಲೆಗಿಡುವ ಮನೆಗಳವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

1941ರ ಮೇ 10ರ ರಾತ್ರಿ ಶತ್ರುವಿಮಾನಗಳ ಬಾಂಬಿಗೆ ಕ್ವೀನ್ಸ್ ಹಾಲ್ ಸುಟ್ಟು ನೆಲಸಮವಾಯಿತು. ಆದರೂ ಉತ್ಸವ ನಿಲ್ಲಲಿಲ್ಲ. ಆ ವರ್ಷವೇ ರಾಯಲ್ ಆಲ್ಬರ್ಟ್ ಹಾಲಿಗೆ ಸ್ಥಳಾಂತರಗೊಂಡಿತು. ಅವಶೇಷಗಳಡಿಯಿಂದ ಹೊರತೆಗೆದ ಹೆನ್ರಿ ವುಡ್‌ನ ಕಂಚಿನ ಪ್ರತಿಮೆಯನ್ನು ಇಂದಿಗೂ ಉತ್ಸವದ ದಿನಗಳಲ್ಲಿ ವೇದಿಕೆಯ ಹಿಂಬದಿಯಲ್ಲಿ ಇರಿಸುತ್ತಾರೆ. ಕೊನೆಯ ರಾತ್ರಿ ಆ ಪ್ರತಿಮೆಗೆ ಎಲೆಯ ಹಾರ ತೊಡಿಸುವವರು ಮಂತ್ರಿಗಳಲ್ಲ. ನಿಂತು ಕೇಳಿದ ಶ್ರೋತೃಗಳು. ಕಷ್ಟದಲ್ಲಿರುವ ಸಂಗೀತಗಾರರ ನೆರವಿಗೆಂದು ಋತುವಿನುದ್ದಕ್ಕೂ ಸಭಿಕರಿಂದ ದೇಣಿಗೆ ಕೂಡಿಸುವವರೂ ಇದೇ ಜನ. ಅಗ್ಗದ ಟಿಕೆಟ್ಟಿನವರು ಉತ್ಸವದ ಅತಿಥಿಗಳಾಗಿ ಉಳಿಯಲಿಲ್ಲ, ಮನೆಯವರೇ ಆದರು.

ಈ ವೇದಿಕೆಯಲ್ಲಿ ನಮ್ಮ ಸಂಗೀತವೂ ಸ್ಥಾನ ಪಡೆದಿದೆ. ಸ್ವಾತಂತ್ರ್ಯ ಮತ್ತು ದೇಶ ವಿಭಜನೆಯ 70ನೆಯ ವರ್ಷವಾದ 2017ರ ಆಗಸ್ಟ್ 15ರಂದು ಇಲ್ಲಿ ಭಾರತ ಹಾಗೂ ಪಾಕಿಸ್ತಾನಗಳ ಸಂಗೀತಕ್ಕೆಂದೇ ಒಂದು ಕಛೇರಿ ಏರ್ಪಟ್ಟಿತು. ಅದರಲ್ಲಿ ಬುಧಾದಿತ್ಯ ಮುಖರ್ಜಿಯವರ ಸಿತಾರ್, ಫರೀದ್ ಅಯಾಜ್ ತಂಡದ ಕವ್ವಾಲಿಗಳೊಡನೆ ಕರ್ನಾಟಕ ಸಂಗೀತದ ಪಿಟೀಲನ್ನು ನುಡಿಸಿದವರು, ಬೆಂಗಳೂರಿನಲ್ಲಿ ಬೆಳೆದು ವೈದ್ಯಶಿಕ್ಷಣ ಪಡೆದು ಲಂಡನ್ನಿನಲ್ಲಿ ನೆಲೆಸಿದ ಜ್ಯೋತ್ಸ್ನಾ ಶ್ರೀಕಾಂತ್. ವೈದ್ಯನ ನೆರವಿನಿಂದ ಕಣ್ತೆರೆದ ಉತ್ಸವದಲ್ಲಿ ಕನ್ನಡನಾಡಿನ ವೈದ್ಯೆಯ ಪಿಟೀಲು ಮೊಳಗಿದ್ದು ಸಂತೋಷದ ಸಂಗತಿ.

ಮಗನ ಮನೆಗೋ ಮಗಳ ಬಾಣಂತನಕ್ಕೋ ಬೇಸಿಗೆಯಲ್ಲಿ ಲಂಡನ್ನಿಗೆ ಹೋಗುವ ಹಿರಿಯರು ನಮ್ಮಲ್ಲಿ ಈಗ ಅನೇಕರು. ಅಂಥವರು ಒಂದು ಸಂಜೆಯನ್ನು ಇದಕ್ಕಾಗಿ ತೆಗೆದಿಡಬಹುದು. ಕಾರ್ಯಕ್ರಮಗಳ ಪಟ್ಟಿ ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ ಪ್ರಕಟವಾಗುತ್ತದೆ. ನಿಲ್ಲುವ ಟಿಕೆಟ್ಟುಗಳನ್ನು ಆಯಾ ದಿನವೇ ಮಾರುತ್ತಾರೆ. 2024ರ ಋತುವಿನಲ್ಲಿ ಅದರ ಬೆಲೆ 8 ಪೌಂಡು. ಮೊಣಕಾಲು ನೋವಿರುವವರು ಮೊದಲೇ ಕುರ್ಚಿಯ ಟಿಕೆಟ್ ಕೊಳ್ಳುವುದು ಲೇಸು. ಉಡುಪಿನ ಕಟ್ಟಳೆಯೇನೂ ಇಲ್ಲ. ಇಳಕಲ್ ಸೀರೆಯುಟ್ಟು ಹೋದರೂ ಯಾರೂ ಹುಬ್ಬೇರಿಸರು. ಸಿಂಫೊನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ನಡುವೆ ಮೌನವಾದೊಡನೆ ಮುಗಿಯಿತೆಂದು ಏಳಬಾರದು. ಆರಂಭದಲ್ಲಿ ‘ಓಬೋ’ ಎಂಬ ಗಾಳಿವಾದ್ಯವು ಒಂದು ಸ್ವರವನ್ನು ಹಿಡಿಯುತ್ತದೆ, ಉಳಿದ ವಾದ್ಯಗಳೆಲ್ಲ ಅದಕ್ಕೆ ಕೂಡಿಕೊಳ್ಳುತ್ತವೆ. ತಂಬೂರಿ ಮಿಡಿದು ಶ್ರುತಿ ಸೇರಿಸುವುದನ್ನು ಕಂಡ ನಮಗೆ ಆ ಗಳಿಗೆ ಅಪರಿಚಿತವೆನಿಸದು.

ಲಂಡನ್ನಿಗೆ ಹೋಗಲಾರದವರಿಗೂ ಈ ಉತ್ಸವದಿಂದ ಕಲಿಯಬೇಕಾದದ್ದು ಉಂಟು. ಹಿಂದೆ ಮಠದ ಅಂಗಳದಲ್ಲಿ, ಜಾತ್ರೆಯ ಬಯಲಿನಲ್ಲಿ ರಾತ್ರಿಯಿಡೀ ಗಾಯನ ನಡೆಯುವಾಗ ಮುಂದಿನ ಜಮಖಾನೆಯ ಮೇಲೆ ಕುಳಿತಿರುತ್ತಿದ್ದವರು ಹೊಲದಿಂದ ಬಂದ ರೈತರು ಮತ್ತು ಕಣ್ಣುಜ್ಜಿಕೊಳ್ಳುತ್ತಿದ್ದ ಮಕ್ಕಳು. ಗಾಯಕನ ಕಣ್ಣು ಅವರ ಮೇಲಿರುತ್ತಿತ್ತು, ಅವರ ತಲೆದೂಗುವಿಕೆಯಿಂದ ಹಾಡು ಬೆಳೆಯುತ್ತಿತ್ತು. ಆ ಜಮಖಾನೆಯನ್ನು ನಾವೇ ಸುರುಳಿ ಸುತ್ತಿ ಇಟ್ಟಿದ್ದೇವೆ. ಮುಂದಿನ ಸಲ ಊರಿನಲ್ಲಿ ಸಂಗೀತ ಕಾರ್ಯಕ್ರಮ ಏರ್ಪಡಿಸುವ ಸಮಿತಿಯವರು ಸೋಫಾಗಳನ್ನು ಒಂದು ಬದಿಗೆ ಸರಿಸಿ, ಎದುರಿನ ನೆಲದಲ್ಲಿ ಜಮಖಾನೆ ಹಾಸಲಿ. ಸಂಗೀತ ಕಲಿಯುತ್ತಿರುವ ಊರಿನ ಮಕ್ಕಳನ್ನು ಕರೆದು ಅಲ್ಲಿ ಕುಳ್ಳಿರಿಸಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ, ಸರಕಾರದ ಅನುದಾನವೂ ಬೇಕಿಲ್ಲ.